ಸೋಮಾರಿತನದಿಂದಲ್ಲ

ಹೈಸ್ಕೂಲಿನಲ್ಲಿ ಓದುವಾಗ ನಾನು ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ತರುತ್ತಿದ್ದ ಹುಡುಗಿ. ಅದರ ಗುಟ್ಟು ಇಷ್ಟೇ: ನನಗೆ ನಾಲ್ಕು ಪ್ರಬಂಧಗಳು ಬಾಯಿಪಾಠ ಬರುತ್ತಿದ್ದವು. ವಿಷಯ ಯಾವುದೇ ಕೊಡಲಿ, ಆ ನಾಲ್ಕರಲ್ಲಿ ಒಂದರ ಪೀಠಿಕೆ, ಇನ್ನೊಂದರ ವಿವರಣೆ, ಮತ್ತೊಂದರ ಉಪಸಂಹಾರ ಸೇರಿಸಿ ಹೊಲಿದುಬಿಡುತ್ತಿದ್ದೆ. ಅಕ್ಷರ ಚೆನ್ನಾಗಿತ್ತು. ತೀರ್ಪುಗಾರರು ಮೆಚ್ಚುತ್ತಿದ್ದರು. ನಾನು ಬರೆದದ್ದರಲ್ಲಿ ನನ್ನದು ಅನ್ನುವ ಒಂದು ಮಾತೂ ಇರುತ್ತಿರಲಿಲ್ಲ ಎಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಅದೇ ವಿದ್ಯೆಯನ್ನು ಮುಂದೆ ಟೀಚರಾಗಿ ಮಕ್ಕಳಿಗೂ ಕಲಿಸಿದೆ. ಹಲವು ವರ್ಷ ಕಲಿಸಿದೆ.

ನಮ್ಮೂರು ಕೊಡಗಿನ ಉತ್ತರದ ತುದಿಯಲ್ಲಿ, ಹಾಸನದ ಗಡಿಗೆ ಹತ್ತಿರ. ಅಲ್ಲಿ ಮನೆಯೊಳಗೂ ಕನ್ನಡ, ಸಂತೆಯಲ್ಲೂ ಕನ್ನಡ. ಅಲ್ಲಿಂದ ವರ್ಗವಾಗಿ, ಕಾಫಿ ತೋಟಗಳ ನಡುವಿನ ನೆಲ್ಯಹುದಿಕೇರಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ಬಂದಾಗ, ಒಂಬತ್ತನೇ ಕ್ಲಾಸಿನಲ್ಲಿ ಮೊದಲ ದಿನವೇ ಕೇಳಿದೆ: "ಮನೆಯಲ್ಲಿ ಕನ್ನಡ ಮಾತಾಡೋರು ಕೈ ಎತ್ತಿ." ಆರೇಳು ಕೈ ಮೇಲೆದ್ದವು. ಉಳಿದವರ ಮನೆಯಲ್ಲಿ ಮಲಯಾಳ, ತಮಿಳು, ಕೊಡವ, ಉರ್ದು, ತುಳು. ಅವರಿಗೆಲ್ಲ ಕನ್ನಡ ಸ್ಕೂಲಿನ ಭಾಷೆ, ಅಂಗಡಿಯ ಭಾಷೆ, ತಮ್ಮತಮ್ಮಲ್ಲಿ ಜಗಳವಾಡುವ ಭಾಷೆ. ಒಬ್ಬಳು ಹುಡುಗಿ ನಿಧಾನವಾಗಿ, "ನಿಮ್ಮ ಕನ್ನಡ ಬೇರೆ ಉಂಟು ಟೀಚರ್," ಅಂದಳು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಹಾಗೆ ಹೇಳಿದ ಹುಡುಗಿಯ ಬಗ್ಗೆಯೇ ನಾನು ಬರೆಯಲು ಹೊರಟಿರುವುದು. ಅವಳ ಅಪ್ಪ ಅಮ್ಮ ಹತ್ತಿರದ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಅವರ ವಾಸ. ಮನೆಯ ಮಾತು ತಮಿಳು.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಗ್ರಂಥಾಲಯದ ಮಹತ್ವ' ಎಂಬ ಪ್ರಬಂಧ ಕೊಟ್ಟಿದ್ದೆ. ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ತಂದು ತಿದ್ದಲು ಕೂತೆ. ಮೊದಲನೆಯದು "ಇಂದಿನ ಆಧುನಿಕ ಯುಗದಲ್ಲಿ" ಎಂದು ಶುರುವಾಯಿತು. ಎರಡನೆಯದೂ ಹಾಗೆಯೇ. ಹತ್ತನೆಯದೂ ಹಾಗೆಯೇ. ಗ್ರಂಥಾಲಯ ಜ್ಞಾನದ ಭಂಡಾರವಂತೆ, ಅಲ್ಲಿ ಮೌನ ಪಾಲಿಸಬೇಕಂತೆ, ಪ್ರತಿದಿನ ಅಲ್ಲಿಗೆ ಹೋಗಬೇಕಂತೆ. ಎಲ್ಲವೂ ನಾನೇ ಬೋರ್ಡಿನ ಮೇಲೆ ಬರೆಸಿದ ಸಾಲುಗಳು. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನಲ್ಲಿದ್ದ ಎರಡು ಬೀರು. ಅವುಗಳ ಬೀಗದ ಕೈ ನನ್ನ ಹತ್ತಿರವೇ ಇತ್ತು. ಅವನ್ನು ತೆಗೆದು ಒಂದು ಪುಸ್ತಕ ಯಾರಿಗಾದರೂ ಕೊಟ್ಟ ನೆನಪು ನನಗಿರಲಿಲ್ಲ. ಅಷ್ಟು ಮಕ್ಕಳಲ್ಲಿ ಒಬ್ಬರಾದರೂ, "ನಮ್ಮ ಶಾಲೆಯಲ್ಲಿ ಗ್ರಂಥಾಲಯಕ್ಕೆ ಬೀಗ ಹಾಕಿದೆ" ಎಂದು ಬರೆಯಲಿಲ್ಲ. ಬರೆದರೆ ಅಂಕ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಕಲಿಸಿದವಳು ನಾನೇ.

ಆ ಸಂಜೆ ಪೆನ್ನು ಕೆಳಗಿಟ್ಟೆ. ಇನ್ನು ಇದು ಸಾಕು ಅನ್ನಿಸಿತು.

ಜನವರಿಯ ಮೊದಲ ವಾರ ಕ್ಲಾಸಿಗೆ ಹೋಗಿ ಹೇಳಿದೆ: "ಇವತ್ತು ಪ್ರಬಂಧ ಬೇಡ. ಒಂದೇ ಒಂದು ವಾಕ್ಯ ಬರೀರಿ. ಆದರೆ ಅದು ಹೇಗಿರಬೇಕು ಅಂದರೆ, ಈ ಕ್ಲಾಸಿನಲ್ಲಿ ಒಬ್ಬರಾದರೂ ಎದ್ದು 'ಅದು ಸರಿಯಲ್ಲ' ಅನ್ನಬೇಕು. ಆಮೇಲೆ ಅದಕ್ಕೆ ನೀವು ಆಧಾರ ಕೊಡಬೇಕು. ಇದಕ್ಕೆ ವಾದ ಅಂತ ಹೆಸರು."

ಮಕ್ಕಳು ಮುಖ ಮುಖ ನೋಡಿಕೊಂಡರು. ಅವರಿಗೆ ವಾದ ಎಂದರೆ ಬೈಸಿಕೊಳ್ಳುವ ಕೆಲಸ. 'ಎದುರು ವಾದ ಮಾಡ್ಬೇಡ' ಎಂದು ಮನೆಯಲ್ಲೂ ಹೇಳುತ್ತಾರೆ, ಸ್ಕೂಲಿನಲ್ಲೂ ಹೇಳುತ್ತಾರೆ. ಈಗ ಟೀಚರೇ ಬಂದು ವಾದ ಮಾಡಿ ಅನ್ನುತ್ತಿದ್ದಾರೆ. ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬ, "ನೀರು ಜೀವಕ್ಕೆ ಮುಖ್ಯ," ಎಂದು ಓದಿದ.

"ಇದಕ್ಕೆ ಇಲ್ಲ ಅನ್ನೋರು ಯಾರಾದರೂ ಇದ್ದೀರಾ?"

ಯಾರೂ ಇಲ್ಲ.

"ಹಾಗಾದರೆ ಇದು ವಾದ ಅಲ್ಲ. ಎಲ್ಲರೂ ಒಪ್ಪಿರೋದನ್ನ ಮತ್ತೆ ಹೇಳಿದ್ದು ಅಷ್ಟೇ."

ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು, "ಕ್ರಿಕೆಟ್ಟಿಗಿಂತ ಹಾಕಿ ಒಳ್ಳೇ ಆಟ," ಅಂದ. ಅಷ್ಟೇ ಸಾಕಾಯಿತು. ಅರ್ಧ ಕ್ಲಾಸು ಎದ್ದು ನಿಂತಿತು. ಪಕ್ಕದ ಕ್ಲಾಸಿನಿಂದ ಗಣಿತದ ಮೇಷ್ಟ್ರು ಬಂದು ಇಣುಕಿ ನೋಡಿದರು. ಎಲ್ಲರನ್ನೂ ಕೂರಿಸಿ, "ಯಾಕೆ ಒಳ್ಳೆಯದು?" ಎಂದು ಕೇಳಿದರೆ, "ನಮ್ಮ ಮಾವ ಆಡ್ತಾರೆ ಟೀಚರ್." ಅದು ಕಾರಣ ಹೌದೋ ಅಲ್ಲವೋ ಎಂದು ಚರ್ಚೆ ಮಾಡುವಷ್ಟರಲ್ಲಿ ಬೆಲ್ಲಾಯಿತು. ಅಷ್ಟು ವರ್ಷದಲ್ಲಿ ನನ್ನ ಪೀರಿಯಡ್ ಮುಗಿದಾಗ ಮಕ್ಕಳು 'ಅಯ್ಯೋ' ಅಂದದ್ದು ಅದೇ ಮೊದಲು.

ಲೈನಿನ ಆ ಹುಡುಗಿ ಅವತ್ತು ಬಂದಿರಲಿಲ್ಲ. ಅವಳು ಆ ತಿಂಗಳು ಬರುತ್ತಿದ್ದದ್ದೇ ಕಡಿಮೆ. ಅವಳೊಬ್ಬಳೇ ಅಲ್ಲ, ಲೈನುಗಳ ಹಲವು ಮಕ್ಕಳು ಕಾಫಿ ಕುಯ್ಲು, ಅಂದರೆ ಪಿಕಿಂಗ್, ಶುರುವಾದ ಮೇಲೆ ಕಾಣೆಯಾಗುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಮಡಿಕೇರಿಯ ಕಡೆಯವರು, ತಲೆಮಾರುಗಳಿಂದ ಪೂಜೆ, ಪಾಠ ಎರಡೂ ಮಾಡಿಕೊಂಡು ಬಂದ ಮನೆತನ. ಶಿಸ್ತಿನ ಮನುಷ್ಯ. ಒಂದು ದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ, "ಪಿಕಿಂಗ್ ಬಂತು ಅಂದರೆ ಲೈನಿನ ಮಕ್ಕಳಿಗೆ ಸೋಮಾರಿತನ ಅಂಟಿಕೊಳ್ಳುತ್ತೆ. ಮನೆಯಲ್ಲಿ ಕೇಳೋರಿಲ್ಲ, ಮಲಗಿರ್ತಾರೆ," ಎಂದು ಎಲ್ಲರೆದುರು ಹೇಳಿದರು. ನನಗದು ತಪ್ಪೆನಿಸಲಿಲ್ಲ. ನಿಜ ಹೇಳಬೇಕೆಂದರೆ, ಕ್ಲಾಸ್ ಟೀಚರಾಗಿ ನಾನು ಕಳಿಸಬೇಕಾದ ತಿಂಗಳ ವರದಿಯಲ್ಲಿ, ಅವಳ ಹೆಸರಿನ ಮುಂದೆ ಗೈರುಹಾಜರಿಗೆ ಕಾರಣ ಎಂಬ ಜಾಗದಲ್ಲಿ 'ಓದಿನಲ್ಲಿ ನಿರಾಸಕ್ತಿ' ಎಂದು ನಾನೇ ಬರೆದಿದ್ದೆ. ಯೋಚನೆ ಮಾಡದೆ, ಚಹಾ ಕುಡಿಯುತ್ತಾ ಬರೆದದ್ದು.

ಮೂರು ದಿನ ಬಿಟ್ಟು ಅವಳು ಬಂದಳು. ಬಿಟ್ಟುಹೋದ ಪಾಠವನ್ನು ಗೆಳತಿಯರಿಂದ ಕೇಳಿಕೊಂಡು, ಮಧ್ಯಾಹ್ನ ಊಟದ ಬೆಲ್ಲಾದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನೋಟ್‌ಬುಕ್ಕು. ಅದರಲ್ಲಿ ಒಂದೇ ವಾಕ್ಯ: "ಪಿಕಿಂಗ್ ಸಮಯದಲ್ಲಿ ಲೈನಿನ ಮಕ್ಕಳು ಸ್ಕೂಲಿಗೆ ಬಾರದೆ ಇರುವುದು ಸೋಮಾರಿತನದಿಂದ ಅಲ್ಲ."

ಓದಿದ ಕೂಡಲೇ ನನಗೆ ಮೊದಲು ಬಂದದ್ದು ಸಿಟ್ಟು. ಹೆಡ್‌ಮಾಸ್ಟರ ಮಾತಿಗೆ ಎದುರು ಹೇಳುತ್ತಿದ್ದಾಳಲ್ಲ ಎಂದು. ಮರುಕ್ಷಣ ವರದಿಯಲ್ಲಿ ನಾನು ಬರೆದದ್ದು ನೆನಪಾಯಿತು.

ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಇದು ಎದುರು ಮಾತಾಡಿದ ಹಾಗೆ ಆಗ್ತದಾ ಟೀಚರ್?"

"ಬರೀ ಹೇಳಿ ಬಿಟ್ಟರೆ ಆಗುತ್ತೆ. ಆಧಾರ ಕೊಟ್ಟರೆ ಆಗಲ್ಲ."

"ಆಧಾರ ಎಲ್ಲಿ ಸಿಗ್ತದೆ?"

"ನೀನೇ ಹುಡುಕಬೇಕು."

ಅವಳು ತಲೆಯಾಡಿಸಿ ಹೋದಳು. ನಾನು ಟಿಫನ್ ಡಬ್ಬಿ ಮುಂದಿಟ್ಟುಕೊಂಡು ಕೂತೇ ಇದ್ದೆ. ಅವಳಿಗೆ ಆಧಾರ ಹುಡುಕು ಅಂದವಳು, ನಾನು ಯಾವ ಆಧಾರದ ಮೇಲೆ 'ನಿರಾಸಕ್ತಿ' ಎಂದು ಬರೆದೆ? ಅವಳನ್ನು ಕರೆದು ಒಂದು ಸಲ, 'ಯಾಕಮ್ಮ ಬರಲಿಲ್ಲ' ಎಂದು ಕೇಳಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಬಗ್ಗೆ ಸರ್ಕಾರಿ ಕಾಗದದಲ್ಲಿ ಒಂದು ತೀರ್ಮಾನ ಬರೆದು ಸಹಿ ಹಾಕಿದ್ದೆ. ಆ ಮಧ್ಯಾಹ್ನವೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಈ ಒಂದು ವಾಕ್ಯವನ್ನು ಕೊನೆಯವರೆಗೂ ಹಿಂಬಾಲಿಸಬೇಕು. ಅದು ನಿಜವಾದರೂ ಸರಿ, ಸುಳ್ಳಾದರೂ ಸರಿ.

ಮರುದಿನ ಅವಳಿಗೂ ಅವಳ ಇಬ್ಬರು ಗೆಳತಿಯರಿಗೂ ಹಾಜರಿ ಪುಸ್ತಕ ಕೊಟ್ಟೆ. ಡಿಸೆಂಬರ್, ಜನವರಿಯ ಪುಟಗಳಲ್ಲಿ ಲೈನಿನ ಮಕ್ಕಳ ಹೆಸರು ಹುಡುಕಿ, ಬಾರದ ದಿನಗಳನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿದರು. ಹಾಳೆ ತುಂಬಿದಾಗ ನಾವು ನಾಲ್ವರೂ ಅದರ ಮೇಲೆ ಬಗ್ಗಿದೆವು. ಲೈನಿನ ಹುಡುಗರಲ್ಲಿ ಒಬ್ಬನನ್ನು ಬಿಟ್ಟರೆ ಎಲ್ಲರೂ ಹೆಚ್ಚುಕಡಿಮೆ ದಿನಾ ಬಂದಿದ್ದರು. ಬಾರದೆ ಇದ್ದವರು ಹುಡುಗಿಯರು, ಐದು ಜನ. ಇಷ್ಟು ದಿನ ದಿನಾ ಬೆಳಗ್ಗೆ ನಾನೇ ಹಾಜರಿ ಕೂಗಿದ್ದೆ, ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

"ಆ ಒಬ್ಬ ಹುಡುಗ ಯಾಕೆ ಬರಲ್ಲ?" ಎಂದು ಕೇಳಿದೆ.

ಮೂವರೂ ನಕ್ಕರು. "ಅವ ಹೊಳೆಗೆ ಹೋಗ್ತಾನೆ ಟೀಚರ್. ಮೀನು ಹಿಡೀಲಿಕ್ಕೆ."

"ಹಾಗಾದರೆ ಅದನ್ನೂ ಬರೀಬೇಕು."

ಅವಳ ನಗು ನಿಂತಿತು. "ಅವನನ್ನು ಬಿಡುವ ಟೀಚರ್. ಅವ ನಿಜವಾಗಿ ಸೋಮಾರಿ. ಅವನನ್ನು ಬರೆದರೆ ನನ್ನ ಮಾತು ಸುಳ್ಳಾಗ್ತದೆ."

"ಸುಳ್ಳಾಗಲ್ಲ. ಚಿಕ್ಕದಾಗುತ್ತೆ."

"ಚಿಕ್ಕದಾದರೆ ಯಾರು ಕೇಳ್ತಾರೆ?"

"ನೀನು ಅವನನ್ನ ಬಿಟ್ಟು ಬರೆದೆ ಅಂತ ಇಟ್ಟುಕೋ. ಓದಿದವರಲ್ಲಿ ಯಾರೋ ಒಬ್ಬರು ಎದ್ದು, 'ಅವನು ಹೊಳೇಲಿ ಮೀನು ಹಿಡೀತಿದ್ದದ್ದನ್ನ ನಾನೇ ನೋಡಿದೀನಿ' ಅಂತಾರೆ. ಆಗ ಏನ್ ಮಾಡ್ತೀಯ? ಅವನ ಜೊತೆ ನೀವು ಐದು ಜನರೂ ಬಿದ್ದು ಹೋಗ್ತೀರ."

ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಸಿಟ್ಟು ಬಂದಿತ್ತು ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಎರಡು ದಿನ ಮತ್ತೆ ಬರಲಿಲ್ಲ. ನಾನು ಹೆಚ್ಚು ಹಿಂಡಿಬಿಟ್ಟೆನೇನೋ ಎಂದು ಪೇಚಾಡಿದೆ. ಮೂರನೆಯ ದಿನ ಬಂದು ನೋಟ್‌ಬುಕ್ಕು ಮೇಜಿನ ಮೇಲಿಟ್ಟಳು. ಹಳೆಯ ವಾಕ್ಯದ ಮೇಲೆ ಗೆರೆ ಎಳೆದು ಕೆಳಗೆ ಹೊಸದು ಬರೆದಿದ್ದಳು: "ಮನೆಯಲ್ಲಿ ಚಿಕ್ಕ ತಮ್ಮ ತಂಗಿ ಇರುವ ಲೈನಿನ ಹುಡುಗಿಯರು ಪಿಕಿಂಗ್ ಸಮಯದಲ್ಲಿ ಸ್ಕೂಲಿಗೆ ಬಾರದೆ ಇರುವುದು ಸೋಮಾರಿತನದಿಂದ ಅಲ್ಲ. ಒಬ್ಬ ಹುಡುಗ ಮಾತ್ರ ಮೀನು ಹಿಡಿಯಲು ಹೋಗುತ್ತಾನೆ, ಅವನ ವಿಷಯ ಬೇರೆ."

"ಮತ್ತೆ ಯಾತರಿಂದ?" ಎಂದು ಕೇಳಿದೆ. "ಸೋಮಾರಿತನದಿಂದ ಅಲ್ಲ ಅಂದೆ. ಸರಿ. ಯಾತರಿಂದ?"

"ಬೆಳಿಗ್ಗೆ ಬಂದು ನೋಡಿ ಟೀಚರ್," ಅಂದಳು. ಸವಾಲು ಹಾಕಿದ ಹಾಗಿತ್ತು.

ಒಂದು ದಿನ ರಜೆ ಹಾಕಿ ಹೋದೆ. ಏಳು ಗಂಟೆಗೆ ಲೈನಿನ ಗೇಟಿನ ಹತ್ತಿರ ಆಟೋದಿಂದ ಇಳಿದಾಗ ಮಂಜು ಇನ್ನೂ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ನಡುವೆ ನಿಂತಿತ್ತು. ಹೆಂಗಸರು ತಲೆಗೆ ಬಟ್ಟೆ ಸುತ್ತಿ, ಗಂಡಸರ ಹಳೆಯ ತುಂಬು ತೋಳಿನ ಶರ್ಟು ತೊಟ್ಟು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಟ್ರ್ಯಾಕ್ಟರಿಗೆ ಕಾಯುತ್ತಿದ್ದರು. ಆ ದಿನ ಹಣ್ಣು ಕುಯ್ಯಬೇಕಾದ ಜಾಗ ತೋಟದ ಇನ್ನೊಂದು ತುದಿಯಲ್ಲಿತ್ತು. ಏಳೂವರೆಗೆ ಟ್ರ್ಯಾಕ್ಟರು ಬಂತು. ಅವಳ ಅಮ್ಮ ಸೊಂಟದ ಮೇಲಿದ್ದ ಕೂಸನ್ನು ಮಗಳ ತೋಳಿಗೆ ದಾಟಿಸಿ ಹತ್ತಿದಳು. ನನ್ನನ್ನು ಕಂಡು ಗಾಬರಿಯಾಗಿ, "ನಾನ್ ಏನ್ ಮಾಡ್ಲಿ ಟೀಚರಮ್ಮ, ಟ್ರ್ಯಾಕ್ಟರ್ ನಿಲ್ಲಾದಿಲ್ಲ," ಎಂದು ಕೂಗುತ್ತಲೇ ಹೋದಳು.

ಹುಡುಗಿ ಯೂನಿಫಾರಂ ಹಾಕಿಕೊಂಡಿದ್ದಳು. ಎರಡು ಜಡೆ, ರಿಬ್ಬನ್, ಬೆನ್ನಿಗೆ ಬ್ಯಾಗು. ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ, ಪಕ್ಕದಲ್ಲಿ ಮೂರು ವರ್ಷದ ತಂಗಿ.

"ಸ್ಕೂಲಿಗೆ ಹೊರಟಿದ್ದೀಯಾ?" ಅಂದೆ.

"ದಿನಾ ಹೊರಡ್ತೇನೆ ಟೀಚರ್."

ಅಂಗನವಾಡಿ ಇರುವುದು ಗೇಟಿನಿಂದ ಸ್ವಲ್ಪ ದೂರ. ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ನಮ್ಮ ಶಾಲೆಯ ಕಡೆ ಹೋಗುವ ಬಸ್ಸು ಗೇಟಿಗೆ ಬರುವುದು ಎಂಟೂವರೆಗೆ, ಅದು ಬಿಟ್ಟರೆ ಹನ್ನೊಂದರ ಮೇಲೆ. ಯಾರಾದರೂ ಪಕ್ಕದ ಮನೆಯವರು ಜ್ವರ ಗಿರ ಬಂದು ಕೆಲಸಕ್ಕೆ ಹೋಗದೆ ಉಳಿದರೆ ಮಕ್ಕಳನ್ನು ಅವರ ಹತ್ತಿರ ಬಿಟ್ಟು ಅವಳು ಬಸ್ಸು ಹತ್ತುತ್ತಾಳೆ. ಯಾರೂ ಉಳಿಯದ ದಿನ ಸ್ಕೂಲು ತಪ್ಪುತ್ತದೆ. ಯಾರು ಉಳಿಯುತ್ತಾರೆ, ಯಾರು ಇಲ್ಲ ಎಂಬುದು ಬೆಳಿಗ್ಗೆ ಟ್ರ್ಯಾಕ್ಟರು ಹೋಗುವ ತನಕ ಗೊತ್ತಾಗುವುದಿಲ್ಲ. ಹಾಗಾಗಿ ದಿನಾ ಜಡೆ ಹಾಕಿಕೊಂಡು ತಯಾರಾಗಿರುತ್ತಾಳೆ.

ಎಂಟೂವರೆಗೆ ಬಸ್ಸು ಬಂತು. ಲೈನಿನ ಹುಡುಗರು ಹತ್ತಿದರು. ಅವಳು ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಬಸ್ಸು ತಿರುವು ದಾಟುವವರೆಗೂ ನೋಡುತ್ತಾ ನಿಂತಳು. ಆಚೆ ಮನೆಗಳ ಮುಂದೆ ಇನ್ನಿಬ್ಬರು ಹುಡುಗಿಯರು, ಅವರೂ ಯೂನಿಫಾರಂನಲ್ಲಿ, ಅವರ ಸೊಂಟದಲ್ಲೂ ಕೂಸುಗಳು. ಯಾರೂ ಅಳಲಿಲ್ಲ. ಅವರಿಗದು ಅಭ್ಯಾಸವಾಗಿಹೋಗಿತ್ತು. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಮಲಗಿರುತ್ತಾರೆ ಎಂದು ನಾವು ಹೇಳುತ್ತಿದ್ದ ಮಕ್ಕಳು ಇವರು.

"ಎರಡು ಗಂಟೆ," ಎಂದೆ ನಾನು. "ಏಳೂವರೆಯಿಂದ ಒಂಬತ್ತೂವರೆ. ಅಷ್ಟೇ ಅಲ್ವಾ?"

ಅವಳು ನನ್ನ ಮುಖ ನೋಡಿದಳು. ಅವಳೂ ಅದನ್ನು ಹಾಗೆ ಲೆಕ್ಕ ಹಾಕಿರಲಿಲ್ಲವೆಂದು ಕಾಣುತ್ತದೆ. ಪಿಕಿಂಗ್ ಎಂದರೆ ಎರಡು ತಿಂಗಳು ಬರುವ ಒಂದು ದೊಡ್ಡ ತೊಂದರೆ, ಅದಕ್ಕೆ ಯಾರೂ ಏನೂ ಮಾಡಲಾಗದು ಎಂದೇ ಎಲ್ಲರೂ ತಿಳಿದಿದ್ದರು. ಈಗ ಅದಕ್ಕೊಂದು ಅಳತೆ ಸಿಕ್ಕಿತು.

"ಇದನ್ನು ಬರೀತೇನೆ," ಅಂದಳು.

ಮರುದಿನ ನಾನು ಮೊದಲು ಮಾಡಿದ ಕೆಲಸ, ವರದಿಯ ಆಫೀಸ್ ಪ್ರತಿ ತೆಗೆದು ನಾನು ಬರೆದಿದ್ದ ಮಾತನ್ನು ಹೊಡೆದು, 'ಬೆಳಿಗ್ಗೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ' ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದ್ದು. ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಕಳಿಸಿ ಆಗಿದೆಯಲ್ಲ ಮೇಡಂ, ಈಗ ಯಾಕೆ ಇದೆಲ್ಲ?" ಅಂದರು.

"ಮೇಲಿನ ಆಫೀಸಿಗೂ ತಿದ್ದಿ ಕಳಿಸ್ತೀನಿ ಸರ್. ನಾನು ವಿಚಾರಿಸದೆ ಬರೆದಿದ್ದೆ."

ಅವರು ಮುಂದಿದ್ದ ಫೈಲಿಗೆ ಮರಳಿದರು. ಪ್ರಾರ್ಥನೆಯ ದಿನ ಅವರು ಆಡಿದ ಮಾತಿನ ವಿಷಯ ನಾನು ಎತ್ತಲಿಲ್ಲ. ಅದು ನಾನು ಎತ್ತಬೇಕಾದ ಮಾತಲ್ಲ, ಅವಳು ಬರೆಯುತ್ತಿದ್ದಾಳೆ ಎಂದುಕೊಂಡೆ.

ಅವಳು ಹತ್ತು ದಿನ ಬರೆದಳು. ಬಂದ ದಿನ ನನಗೆ ತೋರಿಸುವುದು, ಬಾರದ ದಿನ ಮನೆಯಲ್ಲಿ ತಿದ್ದುವುದು. ಎಲ್ಲಿ ಕನ್ನಡ ಸಿಗಲಿಲ್ಲವೋ ಅಲ್ಲಿ ತಮಿಳಿನಲ್ಲಿ ಹೇಳು ಅಂದೆ. ಅವಳು ಹೇಳುವುದು, ಮಲಯಾಳದ ಗೆಳತಿ ಅರ್ಥ ಮಾಡಿಕೊಂಡು ಅರ್ಧ ಕನ್ನಡದಲ್ಲಿ ಹೇಳುವುದು, ನಾನು ಒಂದು ಪದ ಕೊಡುವುದು. ಉಳಿದ ನಾಲ್ಕು ಹುಡುಗಿಯರನ್ನೂ ಅವಳೇ ಕೇಳಿ ಬಂದಳು. ಪೀಠಿಕೆ ಬೇಡವೇ ಎಂದು ಒಂದು ಸಲ ಕೇಳಿದಳು. "ನೇರ ವಿಷಯಕ್ಕೆ ಬಾ," ಅಂದೆ. ಕೊನೆಗೆ ಎರಡು ಪುಟವಾಯಿತು.

ಆ ಎರಡು ಪುಟ ಹಿಡಿದು ನಾವಿಬ್ಬರೂ ಹೆಡ್‌ಮಾಸ್ಟರ ರೂಮಿಗೆ ಹೋದೆವು. ಮುಂದಿನ ಶನಿವಾರ ಪಾಲಕರ ಸಭೆ ಇತ್ತು. ಅಲ್ಲಿ ಅವಳು ಇದನ್ನು ಓದಬೇಕೆಂಬುದು ನನ್ನ ಆಸೆ. ಅವರು ಕೆಂಪು ಪೆನ್ನು ಹಿಡಿದೇ ಓದಿದರು. ಒತ್ತಕ್ಷರದ ತಪ್ಪು ಎರಡು ಕಡೆ ತಿದ್ದಿದರು. ಎರಡನೆಯ ಪುಟದಲ್ಲಿ ಪೆನ್ನು ನಿಂತಿತು.

"ಇಲ್ಲಿ 'ಲೈನಿನ ಎಲ್ಲ ಹುಡುಗಿಯರೂ' ಅಂತ ಇದೆಯಲ್ಲ. ಎಲ್ಲರನ್ನೂ ಕೇಳಿದೀಯೇನಮ್ಮ? ನಮ್ಮ ಶಾಲೆಗೆ ಮೂರು ಎಸ್ಟೇಟಿನಿಂದ ಮಕ್ಕಳು ಬರ್ತಾರೆ."

"ಇಲ್ಲ ಸರ್. ನಮ್ಮ ಲೈನಿನ ಐದು ಜನ. ನಾನೂ ಸೇರಿ."

"ಹಾಗಾದರೆ ಐದು ಜನ ಅಂತಲೇ ಬರಿ. ಕೇಳದೆ ಇರೋರ ಬಗ್ಗೆ ಬರೀಬಾರದು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನೇ ಅದನ್ನು ಗಮನಿಸಿರಲಿಲ್ಲ. ಅವಳು ಹಾಳೆ ತೆಗೆದುಕೊಂಡು, ಅಲ್ಲೇ ಮೇಜಿನ ಅಂಚಿನಲ್ಲಿಟ್ಟು 'ಎಲ್ಲ' ಎಂಬುದನ್ನು ಹೊಡೆದು 'ಐದು' ಎಂದು ಬರೆದಳು. ಆಮೇಲೆ ತಲೆ ಎತ್ತಿ, ಯಾವ ಕೊಂಕೂ ಇಲ್ಲದ ದನಿಯಲ್ಲಿ, ಪಾಠದಲ್ಲಿ ಸಂಶಯ ಕೇಳುವ ಹಾಗೆ ಕೇಳಿದಳು:

"ಸರ್, ನೀವು ಎಷ್ಟು ಜನರನ್ನು ಕೇಳಿದ್ದಿರಿ?"

ಹೊರಗೆ ಮಕ್ಕಳು ಆಡುವ ಗಲಾಟೆ ಕೇಳುತ್ತಿತ್ತು. ಹೆಡ್‌ಮಾಸ್ಟರು ಪೆನ್ನಿಗೆ ಕ್ಯಾಪ್ ಹಾಕಿದರು. ಮತ್ತೆ ತೆಗೆದರು. ಈಗ ಅವಳಿಗೆ ಬೈಗುಳ ಬಿದ್ದರೆ ನಾನು ಮಧ್ಯೆ ಬರಬೇಕು, ಬಂದೇ ಬರುತ್ತೇನೆ ಎಂದು ಗಟ್ಟಿಮನಸ್ಸು ಮಾಡಿ ಒಂದು ಹೆಜ್ಜೆ ಮುಂದೆ ಇಟ್ಟಿದ್ದೆ.

"ಒಬ್ಬರನ್ನೂ ಕೇಳಿಲ್ಲ," ಅಂದರು ಅವರು. ಹಾಳೆ ಅವಳ ಕಡೆ ತಳ್ಳಿ, "ಶನಿವಾರ ಓದು. ನಿಧಾನವಾಗಿ ಓದು, ಹಿಂದೆ ಕೂತವರಿಗೂ ಕೇಳಬೇಕು," ಅಂದರು.

ಸಭೆಗೆ ಆ ಎಸ್ಟೇಟಿನ ರೈಟರನ್ನೂ ಕರೆಸಿದೆವು. ಕೆಲಸಗಾರರ ಹಾಜರಿ, ತೂಕ ಎಲ್ಲ ಬರೆದುಕೊಳ್ಳುವ ಮನುಷ್ಯ, ತೋಟದ ಮಟ್ಟಿಗೆ ಅವರ ಮಾತು ನಡೆಯುತ್ತಿತ್ತು. ಅವಳ ಅಮ್ಮ ಅರ್ಧ ದಿನದ ಕೆಲಸ ಬಿಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಹುಡುಗಿ ಎದ್ದು ನಿಂತು ಓದಿದಳು. ಮೊದಲ ಪ್ಯಾರಾದಲ್ಲಿ ದನಿ ನಡುಗಿತು. ಬಸ್ಸಿನ ವೇಳೆ, ಟ್ರ್ಯಾಕ್ಟರಿನ ವೇಳೆ, ಅಂಗನವಾಡಿಯ ವೇಳೆ ಬಂದ ಕಡೆ ಗಟ್ಟಿಯಾಯಿತು. ಮೀನು ಹಿಡಿಯುವ ಹುಡುಗನ ಮಾತು ಬಂದಾಗ ಅವನ ಅಪ್ಪ, "ಅದು ನಿಜವೇ," ಎಂದು ಜೋರಾಗಿ ಹೇಳಿದರು. ಎಲ್ಲರೂ ನಕ್ಕರು. ಆ ನಗುವಿನಿಂದ ಅವಳಿಗೆ ಲಾಭವೇ ಆಯಿತು. ಇಷ್ಟನ್ನು ಮುಚ್ಚಿಡದೆ ಹೇಳಿದವಳು ಉಳಿದದ್ದನ್ನೂ ನಿಜವೇ ಹೇಳುತ್ತಿದ್ದಾಳೆ ಎಂದು ಜನ ಕಿವಿಕೊಟ್ಟರು.

ಓದಿ ಮುಗಿಸಿದ ಮೇಲೆ ರೈಟರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಇದು ಎಸ್ಟೇಟಿನ ಮೇಲೆ ದೂರಾ?"

"ದೂರಲ್ಲ ಸರ್. ವಾದ."

"ಎರಡಕ್ಕೂ ಏನು ವ್ಯತ್ಯಾಸ?"

ಅವಳು ನನ್ನ ಕಡೆ ನೋಡಿದಳು. ಸ್ವಲ್ಪ ಯೋಚಿಸಿ ಅವಳೇ ಹೇಳಿದಳು: "ದೂರು ಅಂದರೆ ನೀವು ಒಪ್ಪಬೇಕು ಅಥವಾ ಸಿಟ್ಟಾಗಬೇಕು. ಇದನ್ನು ನೀವು ಬಂದು ನೋಡಬಹುದು. ತಪ್ಪಿದ್ದರೆ ಹೇಳಬಹುದು."

ರೈಟರು ನಕ್ಕು, "ಸರಿ, ಈಗ ಏನಾಗಬೇಕು?" ಎಂದು ಕೇಳಿದರು.

"ಎರಡು ಗಂಟೆ ಹೊತ್ತು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕು. ಕೂರಲಿಕ್ಕೆ ಒಂದು ರೂಮು ಬೇಕು."

ಓನರಿಗೆ ಹೇಳಿ ನೋಡುತ್ತೇನೆ ಅಂದರು. ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಹಾಗೆಯೇ ಹೋಯಿತು. ನಾನು ಎರಡು ಸಲ ಫೋನ್ ಮಾಡಿದೆ, ಓನರು ಊರಲ್ಲಿಲ್ಲ ಎಂಬ ಉತ್ತರ ಬಂತು. ಕಡೆಗೆ ಕೆಲಸ ಆದದ್ದು ನಾವು ಎಣಿಸಿದ ದಾರಿಯಲ್ಲಲ್ಲ. ಅವಳ ಅಮ್ಮನೂ ಇನ್ನು ಕೆಲವು ತಾಯಂದಿರೂ ಸೇರಿ ಸಂಜೆ ತೂಕದ ಹೊತ್ತಿಗೆ ರೈಟರ ಮುಂದೆ ಹೋಗಿ ನಿಂತರಂತೆ. ಸಭೆಯಲ್ಲಿ ಕೇಳಿದ ಆ ಎರಡು ಗಂಟೆಯ ಲೆಕ್ಕವನ್ನೇ ಮತ್ತೆ ಹೇಳಿದರಂತೆ. ಲೈನಿನಲ್ಲಿ ಮಂಡಿ ನೋವಿನಿಂದ ತೋಟಕ್ಕೆ ಹೋಗಲಾಗದ ಒಬ್ಬ ಅಜ್ಜಿ ಇದ್ದರು. ತೋಟದಲ್ಲಿ ಖಾಲಿ ಬಿದ್ದಿದ್ದ ಒಂದು ಲೈನ್ ಮನೆಯನ್ನು ರೈಟರು ಕಸ ಗುಡಿಸಿಸಿ ಸುಣ್ಣ ಹೊಡೆಸಿದರು. ಅಜ್ಜಿಗೆ ಬೆಳಗಿನ ಆ ಹೊತ್ತಿಗೆ ಹಾಜರಿ ಹಾಕಿ ಕೂಲಿ ಕೊಡಲು ಎಸ್ಟೇಟು ಒಪ್ಪಿತು. ಒಂಬತ್ತೂವರೆಗೆ ಅಜ್ಜಿಯೇ ಮಕ್ಕಳನ್ನು ಅಂಗನವಾಡಿಗೆ ದಾಟಿಸುವುದು ಎಂದಾಯಿತು.

ಅಷ್ಟರಲ್ಲಿ ಕುಯ್ಲು ಮುಕ್ಕಾಲು ಮುಗಿದಿತ್ತು. ಆದರೂ ಫೆಬ್ರವರಿಯ ಕೊನೆಯ ವಾರ ಐವರಲ್ಲಿ ನಾಲ್ವರು ದಿನಾ ಬಂದರು. ಐದನೆಯವಳು ಬರಲಿಲ್ಲ. ಅವಳ ಮನೆಯವರು ಅಮ್ಮತ್ತಿ ಕಡೆಯ ಬೇರೊಂದು ತೋಟಕ್ಕೆ ಹೊರಟುಹೋಗಿದ್ದರು. ಅವಳು ಅಲ್ಲಿ ಶಾಲೆಗೆ ಸೇರಿದಳೋ ಇಲ್ಲವೋ ಎಂದು ವಿಚಾರಿಸಿದೆ, ಸರಿಯಾದ ಸುದ್ದಿ ಸಿಗಲಿಲ್ಲ. ಈಗಲೂ ಆ ಬೇಜಾರು ಉಳಿದಿದೆ.

ಒಂದು ಸೋಮವಾರ ಪ್ರಾರ್ಥನೆಯಾದ ಮೇಲೆ ಹೆಡ್‌ಮಾಸ್ಟರು ಮಕ್ಕಳ ಮುಂದೆ ನಿಂತು ಹೇಳಿದರು: "ಈ ಜಾಗದಲ್ಲೇ ನಿಂತು ನಾನು ಲೈನಿನ ಮಕ್ಕಳ ಬಗ್ಗೆ ಒಂದು ಮಾತು ಹೇಳಿದ್ದೆ. ಅದಕ್ಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಆ ಮಾತು ತಪ್ಪು." ಅಷ್ಟೇ. ಮುಂದೆ ಪರೀಕ್ಷೆಯ ವೇಳಾಪಟ್ಟಿ ಓದಿದರು. ನನ್ನ ಸರ್ವಿಸಿನಲ್ಲಿ ಒಬ್ಬ ಹೆಡ್‌ಮಾಸ್ಟರು ಹಾಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಅವಳು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದಳು. ಕನ್ನಡದಲ್ಲಿ ನಾನು ಎಣಿಸಿದ್ದಕ್ಕಿಂತ ಕಡಿಮೆ ಅಂಕ ಬಂತು. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದೆವು. ಪ್ರಬಂಧದಲ್ಲೇ ಅಂಕ ಹೋಗಿತ್ತು. ಪೀಠಿಕೆ ಇಲ್ಲದೆ ನೇರವಾಗಿ ತನ್ನ ಮಾತಿನಿಂದ ಶುರುಮಾಡಿದ್ದಳು, ಉಪಸಂಹಾರವನ್ನೂ ಬರೆದಿರಲಿಲ್ಲ. ಗೈಡಿನಿಂದ ಬಾಯಿಪಾಠ ಮಾಡಿದವರಿಗೆ ಅವಳಿಗಿಂತ ಹೆಚ್ಚು ಬಂದಿತ್ತು. ನಾನು ಕುದಿದುಹೋದೆ. ತಪ್ಪು ನನ್ನದೇ ಎಂದೂ ಅನ್ನಿಸಿತು. ಮರುಮೌಲ್ಯಮಾಪನಕ್ಕೆ ಹಾಕೋಣ ಅಂದೆ.

"ಬೇಡ ಟೀಚರ್. ಪಾಸಾಗಿದೆಯಲ್ಲ," ಅಂದಳು ಅವಳು. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಹೇಳುವ ಹಾಗೆ, "ಮುಂದಿನವರಿಗೆ ಎರಡನ್ನೂ ಹೇಳಿಕೊಡಿ. ಅವರಿಗೆ ಪರೀಕ್ಷೆಯೂ ಬೇಕಲ್ಲ," ಎಂದಳು.

ಈಗ ನಾನು ಹಾಗೇ ಮಾಡುತ್ತೇನೆ. ವಾರದಲ್ಲಿ ಒಂದು ಪೀರಿಯಡ್ ಪರೀಕ್ಷೆಯ ಪ್ರಬಂಧ, ಪೀಠಿಕೆ ಉಪಸಂಹಾರ ಸಮೇತ. ಇನ್ನೊಂದು ಪೀರಿಯಡ್ ಒಂದೇ ವಾಕ್ಯದ್ದು, ಆಧಾರ ಹುಡುಕುವುದು, ಹುಡುಕಿ ಸಿಗದಿದ್ದರೆ ವಾಕ್ಯವನ್ನು ಬಿಟ್ಟುಕೊಡುವುದು ಅಥವಾ ಚಿಕ್ಕದು ಮಾಡುವುದು. ಪೋರ್ಷನ್ ಮುಗಿಯುವುದಿಲ್ಲ ಎಂದು ಮೀಟಿಂಗಿನಲ್ಲಿ ಕೇಳಿಸಿಕೊಂಡಿದ್ದೇನೆ. ಮುಗಿಸುತ್ತೇನೆ, ಶನಿವಾರ ಹೆಚ್ಚು ಹೊತ್ತು ಕೂತು ಮುಗಿಸುತ್ತೇನೆ. ಆ ಪೀರಿಯಡ್ ಮಾತ್ರ ಬಿಡುವುದಿಲ್ಲ. ಬೇರೆ ಶಾಲೆಗೆ ವರ್ಗ ಮಾಡಿದರೆ ಅಲ್ಲಿಯೂ ಬಿಡುವುದಿಲ್ಲ.

ಅವಳು ಈಗ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಮುಂದೆ ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಸೇರಬೇಕಂತೆ. ಸೀಟು ಸಿಗುವುದು ಕಷ್ಟ ಎಂದು ಹೇಳಿದೆ. ಗೊತ್ತು ಅಂದಳು. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕ ಹಿಡಿದು ನಿಂತಿದ್ದಳು, ನನ್ನ ಜೊತೆ ಮಾತಾಡುವಾಗಲೂ ಓದುತ್ತಿದ್ದ ಪುಟದಲ್ಲೇ ಬೆರಳು ಇಟ್ಟುಕೊಂಡಿದ್ದಳು.